ಅದೃಷ್ಟ: ಒಂದು ಪದವಿಚಾರ

ಎದುರುನೋಡದ ಒಳಿತು ಕೈಸೇರಿದೊಡನೆ ನಾವು ‘ಅದೃಷ್ಟ’ ಎನ್ನುತ್ತೇವೆ. ‘ದೃಶ್’ ಧಾತುವಿನಿಂದಾದ ‘ದೃಷ್ಟ’ವೆಂದರೆ ಕಂಡದ್ದು, ನಞ್ ಸಮಾಸದಿಂದ ‘ಅದೃಷ್ಟ’ವೆಂದರೆ ಕಾಣದಿರುವುದು. ನ್ಯಾಯ-ವೈಶೇಷಿಕರು ಕರ್ಮದಿಂದ ಹುಟ್ಟಿ ಆತ್ಮದಲ್ಲಿ ನಿಂತು ಕಾಲಾಂತರದಲ್ಲಿ ಫಲವೀಯುವ ಧರ್ಮಾಧರ್ಮಗಳನ್ನು ಈ ಹೆಸರಿನಿಂದ ಕರೆದರು. ಅಲ್ಲಿ ಒಳಿತು ಕೆಡುಕುಗಳೆರಡಕ್ಕೂ ಅದೃಷ್ಟವೇ ಕಾರಣ. ಕನ್ನಡದಲ್ಲಿ ಅದು ಒಳಿತಿಗಷ್ಟೇ ಮೀಸಲಾಗಿ, ಕೆಡುಕಿಗೆ ‘ದುರದೃಷ್ಟ’ವೆಂಬ ಪದ ಬೇಕಾಯಿತು. ಇಂತಹ ಅರ್ಥಸಂಕೋಚ ಭಾಷೆಗೆ ಸಹಜವಾದುದು. ಆದರೆ ‘ಕಾರಣ ಕಾಣದು’ ಎಂಬುದು ‘ಕಾರಣವೇ ಇಲ್ಲ’ ಎಂದಾದುದು ವಿಚಾರಕ್ಕೊದಗಿದ ಹಾನಿ.

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಓಲೆ ಬಂದುದನ್ನು ಅದೃಷ್ಟವೆನ್ನೋಣ. ಅದನ್ನು ಅರಿತ ಕಣ್ಣು ದೀರ್ಘವ್ಯಾಸಂಗದ ಫಲ. ಆ ಓಲೆಯನ್ನು ಅಷ್ಟು ಕಾಲ ಕಾಪಾಡಿದವರ ಹೆಸರುಗಳಂತೂ ನಮಗೆ ಕಾಣವು.

ಪಾರಿತೋಷಕ ಪಡೆದ ವಿದ್ಯಾರ್ಥಿ ‘ನನ್ನ ಅದೃಷ್ಟ’ ಎಂದರೆ ತಪ್ಪಿಲ್ಲ. ಆದರೆ ಅವನ ಬರಹವನ್ನು ಇರುಳಿನಲ್ಲಿ ಕುಳಿತು ತಿದ್ದಿದ ಉಪಾಧ್ಯಾಯರು, ಹೆಸರು ಬಯಸದೆ ಶುಲ್ಕ ಭರಿಸಿದ ದಾನಿಗಳು ಆ ಪದದೊಳಗೇ ಇದ್ದಾರೆ. ಪದವನ್ನಾಡುವಾಗ ಕಾಣದ ಆ ಕೈಗಳನ್ನು ನೆನೆಯುವಂತೆ ಮಕ್ಕಳಿಗೆ ಕಲಿಸುವುದು ನಮ್ಮ ಹೊಣೆ.