ಗುಜರಿಯಿಂದೆದ್ದ ಬಾಂಬರ್

ಬೆಂಗಳೂರಿನ ಎಚ್.ಎ.ಎಲ್. ಎಂದೊಡನೆ ಹೊಸ ವಿಮಾನ ಕಟ್ಟುವ ಕಾರ್ಖಾನೆ ನೆನಪಾಗುತ್ತದೆ. ಬೇರೆಯವರು ಕೆಡಿಸಿ ಬಿಸಾಡಿದ ಭಾರಿ ಬಾಂಬರುಗಳಿಗೆ ಅದು ಮರುಜೀವ ಕೊಟ್ಟದ್ದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ರಣರಂಗದ ಸೈನಿಕರಿಗೆ ನೆರವಾಗುವ ವಿಮಾನ ಒಂದು ಬಗೆ. ಬಹುದೂರ ಹಾರಿ, ಶತ್ರುವಿನ ಕಾರ್ಖಾನೆ, ರೈಲುಮಾರ್ಗ, ತೈಲಾಗಾರಗಳ ಮೇಲೆ ಬಾಂಬು ಹಾಕಿ ಮರಳುವುದು ಇನ್ನೊಂದು ಬಗೆ. 1939ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೊದಲು ಹಾರಿದ ಬಿ-24 ಲಿಬರೇಟರ್ ಈ ಎರಡನೆಯ ಬಗೆಯದು. ಒಟ್ಟು 18 ಸಾವಿರಕ್ಕೂ ಹೆಚ್ಚು ತಯಾರಾದವು.

ದೂರ ಹಾರುವ ಗುಟ್ಟು ಅದರ ರೆಕ್ಕೆಯಲ್ಲಿತ್ತು. ತುದಿಯಿಂದ ತುದಿಗೆ 33.5 ಮೀಟರ್, ಅಂದರೆ ಶಾಲೆಯ ಖೋ-ಖೋ ಅಂಕಣಕ್ಕಿಂತ ಉದ್ದ. ಆದರೆ ಅಗಲ ಕಡಿಮೆ. ಹಾರುವಾಗ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ನುಸುಳಿ ಸುಳಿಯಾಗುತ್ತದೆ. ಈ ಸುಳಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ರೆಕ್ಕೆ ನೀಳವಾದಷ್ಟೂ ಈ ನಷ್ಟ ಕಡಿಮೆ, ಇಂಧನ ಉಳಿತಾಯ. ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್‌ಗಳಿಗೆ ಟರ್ಬೋಚಾರ್ಜರ್ ಇತ್ತು. ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ, ಎತ್ತರದ ತೆಳುಗಾಳಿಯನ್ನು ಒತ್ತಿ ಎಂಜಿನ್ನಿಗೆ ಕೊಡುವ ಸಾಧನವದು.

ಈ ಸಾಮರ್ಥ್ಯಕ್ಕೆ ತೆತ್ತ ಬೆಲೆ ದೊಡ್ಡದು. 1943ರ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಸ್ತಿ ತೈಲಾಗಾರಗಳ ಮೇಲೆ ದಾಳಿಗೆ ಹೋದ ಲಿಬರೇಟರುಗಳಲ್ಲಿ 50ಕ್ಕೂ ಹೆಚ್ಚು ಒಂದೇ ದಿನ ನಾಶವಾದವು.

ಯುದ್ಧ ಮುಗಿದಾಗ ಹಲವು ಲಿಬರೇಟರುಗಳು ಕಾನ್ಪುರದಲ್ಲಿ ಉಳಿದವು. ಮತ್ತಾರೂ ಬಳಸದಿರಲೆಂದು ಅವನ್ನು ಕೆಡಿಸಿಯೇ ಬಿಟ್ಟುಹೋಗಿದ್ದರು. ಸ್ವಾತಂತ್ರ್ಯ ಬಂದ ಹೊಸತು. ನಮ್ಮ ವಾಯುಪಡೆಗೆ ಭಾರಿ ಬಾಂಬರ್ ಬೇಕಿತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಈ ಕೆಲಸಕ್ಕೆ ಮುಂದಾಯಿತು. ಮಿರ್ಲೆಯಂಥ ಊರಿನ ಸೈಕಲ್ ಷಾಪಿನಲ್ಲಿ ಎರಡು ಕೆಟ್ಟ ಸೈಕಲ್‌ಗಳ ಬಿಡಿಭಾಗ ಸೇರಿಸಿ ಒಂದನ್ನು ಓಡಿಸುವುದಿಲ್ಲವೇ? ಇದೂ ಹಾಗೆಯೇ, ಆದರೆ ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಕಾನ್ಪುರದಲ್ಲಿ ಹಾರುವಷ್ಟು ಮಾತ್ರ ದುರಸ್ತಿಯಾದ ವಿಮಾನಗಳನ್ನು ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ಣ ದುರಸ್ತಿ ನಡೆಯಿತು.

1948ರ ನವೆಂಬರಿನಲ್ಲಿ ಈ ವಿಮಾನಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಸಜ್ಜಾಯಿತು. 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಾಂಬರುಗಳು ಬಂದವು. ಆಮೇಲೂ 6ನೇ ಸ್ಕ್ವಾಡ್ರನ್ನಿನ ಲಿಬರೇಟರುಗಳು ಸಮುದ್ರದ ಮೇಲೆ ಕಣ್ಣಿಟ್ಟವು, 1968ರಲ್ಲಿ ನಿವೃತ್ತವಾದವು.

ಅಷ್ಟರಲ್ಲಿ ಬೇರೆಡೆ ಲಿಬರೇಟರುಗಳು ಅಪರೂಪವಾಗಿದ್ದವು. ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಹಾಲಯಗಳಿಗೆ ಭಾರತದಿಂದಲೇ ವಿಮಾನಗಳು ಹೋದವು. ಒಂದು ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿದೆ. ದೆಹಲಿ ಪ್ರವಾಸಕ್ಕೆ ಹೋಗುವ ಮಕ್ಕಳು ಅದರ ನೀಳ ರೆಕ್ಕೆಯನ್ನು ನೋಡಿ ಬರಲಿ. ಅದನ್ನು ಮತ್ತೆ ಹಾರಿಸಿದ ಬೆಂಗಳೂರಿನ ಕೈಗಳನ್ನೂ ನೆನೆಯಲಿ.