ಹೆರಿಗೆ ಕೋಣೆಗೆ ಪಕ್ಕದ ಮನೆ ಅಕ್ಕ ಬರಬಹುದೇ?

ಟಿ. ದಾಸರಹಳ್ಳಿಯ ವಠಾರಗಳಲ್ಲಿ ಬಸುರಿ ಹೆಂಗಸಿಗೆ ಅಪರಾತ್ರಿ ನೋವು ಕಾಣಿಸಿಕೊಂಡರೆ ತಟ್ಟುವುದು ಪಕ್ಕದ ಮನೆಯ ಬಾಗಿಲು. ತಾಯಿ ಇರುವುದು ರಾಯಚೂರಿನಲ್ಲೋ, ಯಾದಗಿರಿಯಲ್ಲೋ, ಇಲ್ಲ ದೂರದ ಬಿಹಾರದಲ್ಲೋ. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ನೈಟ್ ಶಿಫ್ಟು. ಆಟೋ ಹಿಡಿದು ಆಸ್ಪತ್ರೆ ಮುಟ್ಟುವ ತನಕ ಪಕ್ಕದ ಮನೆ ಅಕ್ಕನೇ ತಾಯಿ. ಹೆರಿಗೆ ಕೋಣೆಯ ಬಾಗಿಲಲ್ಲಿ ಮಾತ್ರ, ‘ನೀವು ಇವರಿಗೆ ಏನಾಗಬೇಕು?’ ಅಂತ ಪ್ರಶ್ನೆ. ಏನೂ ಆಗದವರಿಗೆ ಹೊರಗಿನ ಬೆಂಚೇ ಗತಿ.

ಇದೇ ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಈಚೆಗೆ ‘ಡೌಲಾ’ ಎಂಬ ಹೆಸರು ಕೇಳಿಬರುತ್ತಿದೆ. ಫೀಸು ಕೊಟ್ಟರೆ ಹೆರಿಗೆ ಮುಗಿಯುವವರೆಗೂ ಪಕ್ಕದಲ್ಲೇ ಇರುವ ಹೆಂಗಸು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಸೇವಕಿ ಎಂದರ್ಥ. 1973ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್, ಬಾಣಂತಿಗೆ ಒತ್ತಾಸೆಯಾಗುವ ಹೆಂಗಸನ್ನು ಈ ಹೆಸರಿನಿಂದ ಕರೆದರು. ಹೆಸರು ಹೊಸದು, ಕೆಲಸ ನಮ್ಮ ಅಜ್ಜಿಯರದೇ. ನೋವು ಬಂದಾಗ ಸೊಂಟ ನೀವುವುದು, ಮೆಲ್ಲಗೆ ಓಡಾಡಿಸುವುದು, ಗುಟುಕು ನೀರು ಕುಡಿಸುವುದು, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುವುದು. ಹೆರಿಗೆ ಆದ ಮೇಲೆ ಮಗುವಿಗೆ ಮೊಲೆ ಹಿಡಿಸುವುದು, ತಾಯಿ ಒಂದಿಷ್ಟು ಕಣ್ಣು ಮುಚ್ಚಲು ಬಿಡುವುದು.

ಇಷ್ಟಕ್ಕೆಲ್ಲ ದುಡ್ಡೇ ಎಂದು ಮೂಗು ಮುರಿಯುವವರು ಕೇಳಬೇಕು. ನಾನಾ ದೇಶಗಳ 15 ಸಾವಿರಕ್ಕೂ ಹೆಚ್ಚು ತಾಯಂದಿರ ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಇಟ್ಟು ನೋಡಲಾಯಿತು. ಬಿಡದೆ ಜೊತೆಗೆ ಒಬ್ಬರಿದ್ದ ಹೆಂಗಸರಿಗೆ ನೋವಿನ ಹೊತ್ತು ಕಡಿಮೆಯಾಗಿತ್ತು, ಸಿಜೇರಿಯನ್ನೂ ಕಡಿಮೆಯಾಗಿತ್ತು. ಔಷಧಿಯಲ್ಲ, ಯಂತ್ರವಲ್ಲ, ಬರೀ ಜೊತೆ!

ಹಾಗಂತ ಡೌಲಾ ಸೂಲಗಿತ್ತಿಯಲ್ಲ. ದಾಸರಹಳ್ಳಿಯ ಮುಂದೆ ಹಾದುಹೋಗುವ ತುಮಕೂರು ರಸ್ತೆಯಲ್ಲೇ ಸಾಗಿದರೆ ಪಾವಗಡದ ದಾರಿ ಸಿಗುತ್ತದೆ. ಆ ಸೀಮೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರದು ಮಗುವನ್ನು ಹೊರಗೆ ತರುವ ಕೈ. ಡೌಲಾಳದು ತಾಯಿಯ ಕೈ ಹಿಡಿಯುವ ಕೈ. ಒಳಪರೀಕ್ಷೆ ಮಾಡುವುದು, ಮಗುವಿನ ಎದೆಬಡಿತ ನೋಡುವುದು, ಮಾತ್ರೆ-ಇಂಜೆಕ್ಷನ್ ಕೊಡುವುದು ಆಕೆಯ ಕೆಲಸವಲ್ಲ. ನಮ್ಮ ದೇಶದಲ್ಲಿ ಡೌಲಾ ಕೆಲಸಕ್ಕೆ ನರ್ಸುಗಳಿಗಿರುವಂಥ ಸರ್ಕಾರಿ ನೋಂದಣಿಯೂ ಇಲ್ಲ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು ನೋಡಿ ಮರುಳಾಗಬಾರದು. ರಕ್ತ ಜೋರಾಗಿ ಹೋಗುತ್ತಿದೆ, ಫಿಟ್ಸ್ ಬಂದಿದೆ, ಮಗುವಿನ ಅಲುಗಾಟ ಕಡಿಮೆಯಾಗಿದೆ ಅನ್ನುವ ಹೊತ್ತಿನಲ್ಲಿ, ‘ಇನ್ನೂ ಸ್ವಲ್ಪ ಕಾಯೋಣ, ಸಹಜವಾಗಿಯೇ ಆಗುತ್ತೆ’ ಅನ್ನುವ ಡೌಲಾ ಗೆರೆ ದಾಟಿದಳೆಂದೇ ಲೆಕ್ಕ. ಆಗ ಬೇಕಾದ್ದು 108, ಧೈರ್ಯದ ಮಾತಲ್ಲ.

ಸರಿ, ಫೀಸು ಕೊಡಲಾಗದವರ ಪಾಡೇನು? 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದು ಎಂದಿದೆ. ಆಕೆ ಹೆತ್ತ ಅನುಭವ ಇದ್ದವಳಾದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಉಟ್ಟಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಎಲ್ಲ ಸರಿಯೇ. ಆದರೆ ಜೊತೆಗಾತಿ ‘ಸಂಬಂಧಿಕಳು’ ಆಗಿರಬೇಕು ಎಂಬ ಮಾತು ಅದರಲ್ಲಿ ಸೇರಿಕೊಂಡಿದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಬೇರೆ: ಹೆರುವವಳು ಯಾರನ್ನು ಬಯಸುತ್ತಾಳೋ ಅವರು. ಹಳ್ಳಿಯಲ್ಲಿ ಈ ಎರಡು ಮಾತಿಗೆ ಅಂಥ ವ್ಯತ್ಯಾಸವಿಲ್ಲ. ಅಲ್ಲಿ ಬಯಸಿದವರೂ ನೆಂಟರೇ. ದಾಸರಹಳ್ಳಿಯಲ್ಲಿ ನೆಂಟರು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ, ಬಯಸಿದವಳು ಗೋಡೆಯ ಆಚೆ! ವಲಸೆ ಬಂದವರ ಊರಿಗೆ ಆ ಒಂದು ಪದ ಸಡಿಲಿಸಿದರೆ ಸರ್ಕಾರಕ್ಕೆ ಕಾಸೂ ಖರ್ಚಿಲ್ಲ. ಖರ್ಚಿದ್ದರೆ ಮಂಚಗಳ ನಡುವಿನ ಪರದೆಗೆ ಅಷ್ಟೆ.

ಬಾಣಂತನದ ಕಥೆಯೂ ಇದೇ. ಇಎಸ್ಐ ಇರುವ ಗಾರ್ಮೆಂಟ್ಸ್ ಹೆಂಗಸಿಗೆ, ಕಂತು ಸರಿಯಾಗಿ ಕಟ್ಟಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಉಂಟು. ರಜೆ ಬಂತು, ಎಣ್ಣೆ-ನೀರು ಹಾಕುವ ಅಮ್ಮ ಬರಲಿಲ್ಲ. ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಬಂದು ಮಗುವಿನ ತೂಕ, ಜ್ವರ ನೋಡಬೇಕೆಂಬುದು ನಿಯಮ. ಆದರೆ ಆಕೆ ಬಂದು ಹೋಗುವವಳು, ಇರುವವಳಲ್ಲ. ಹತ್ತಡಿ ಕೋಣೆಯಲ್ಲಿ ಹಗಲೆಲ್ಲ ಮಗುವಿನೊಡನೆ ಒಬ್ಬಳೇ ಕೂತವಳು ಸುಮ್ಮನೆ ಅಳತೊಡಗಿದರೆ ‘ಗಾಳಿ ಸೋಕಿದೆ’ ಅನ್ನುತ್ತಾರೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವೇ ಬೇಡ ಎನ್ನುವ ಮಾತು ಬಂದರೆ, ಅದು ಕಾಯಿಲೆ. ಅದನ್ನು ಡೌಲಾಳೂ ವಾಸಿ ಮಾಡಲಾರಳು, ಪಕ್ಕದ ಮನೆಯ ಅಕ್ಕನೂ ಮಾಡಲಾರಳು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗವೇ ಇದೆ. 14416ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಏಳನೇ ತಿಂಗಳ ತಪಾಸಣೆಗೆ ತಾಯಿ ಕಾರ್ಡು ಹಿಡಿದು ಹೋದಾಗಲೇ, ‘ಒಳಗೆ ಜೊತೆಗೆ ಯಾರನ್ನು ಬಿಡ್ತೀರಿ?’ ಎಂದು ನರ್ಸಮ್ಮನನ್ನು ಕೇಳಿಟ್ಟುಕೊಳ್ಳುವುದು ಮೇಲು. ಅಪರಾತ್ರಿಯಲ್ಲಿ ಬಾಗಿಲ ಬಳಿ ನಿಂತು ವಾದ ಮಾಡುವ ಹೊತ್ತಲ್ಲ ಅದು.