ಸ್ಕಿಜೋಫ್ರೇನಿಯಾ: ಮದ್ದಿನ ಚೀಟಿಗೂ ಮರುಪರಿಶೀಲನೆ ಬೇಕು

ತೀವ್ರ ಮನೋರೋಗವುಳ್ಳವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದು ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಚಿಕಿತ್ಸೆ ಪಡೆಯುತ್ತಿರುವವರ ಚೀಟಿಯಲ್ಲಿ ಏನಿದೆ ಎಂಬ ಬಗ್ಗೆ ಮಾತ್ರ ನಾವು ಹೆಚ್ಚು ಯೋಚಿಸುವುದಿಲ್ಲ.

ಹೊರರೋಗಿಗಳ ಚೀಟಿ ಈಗ ಬದಲಾಗಿದೆ. ಹಿಂದಿನ ಕ್ಲೋರ್‌ಪ್ರೊಮಜಿನ್, ಹ್ಯಾಲೊಪೆರಿಡಾಲ್ ಬದಲಿಗೆ ರಿಸ್ಪೆರಿಡೋನ್, ಒಲಾಂಜಪಿನ್ ಬಂದಿವೆ. ಒಲಾಂಜಪಿನ್‌ನಿಂದ ಕೈನಡುಕ, ಮೈಬಿಗಿತ ಕಡಿಮೆ. ಆದರೆ ತೂಕ ಮತ್ತು ಸಕ್ಕರೆ ಅಂಶ ಏರುವ ಅಪಾಯ ಹೆಚ್ಚು.

ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದು, ಸಾಧ್ಯವಾದಷ್ಟು ಒಂದೇ ಮನೋರೋಗ ನಿವಾರಕ ಮದ್ದು ಸಾಕೆಂಬುದು ವೈದ್ಯಕೀಯ ಮಾರ್ಗಸೂಚಿಗಳ ಸಲಹೆಯಾದರೂ ಎರಡು, ಮೂರು ಒಟ್ಟಿಗೆ ನಡೆಯುವುದುಂಟು. ಎರಡನೆಯದು, ನಡುಕ ಬಾರದಿರಲೆಂದು ಟ್ರೈಹೆಕ್ಸಿಫೆನಿಡಿಲ್ ಸೇರಿಸುವ ರೂಢಿ. ಇದನ್ನು ಎಲ್ಲರಿಗೂ ಮುಂಜಾಗ್ರತೆಯಾಗಿ ಕೊಡುವುದು ಸರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿತ್ತು. ಇದರಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ನೆನಪು ಮಸುಕಾಗಬಹುದು. ಮೂರನೆಯದು, ಎರಡು ಮದ್ದುಗಳನ್ನು ಸರಿಯಾದ ಪ್ರಮಾಣದಲ್ಲಿ ತಲಾ ಆರು ವಾರದಷ್ಟು ಕೊಟ್ಟರೂ ಫಲ ಸಿಗದಿದ್ದರೆ ಕ್ಲೊಜಪಿನ್ ಯೋಚಿಸಬೇಕು. ಅದು ಹಲವರಿಗೆ ವರ್ಷಗಳು ಕಳೆದ ಮೇಲೆ ಸಿಗುತ್ತದೆ. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸುವುದು ವಾಡಿಕೆ. ಹಳ್ಳಿಯ ಬಡ ಕುಟುಂಬಕ್ಕೆ ಅದೆಂದರೆ ವಾರಕ್ಕೊಂದು ದಿನದ ಕೂಲಿ, ಜೊತೆಗೆ ಬಸ್ಸಿನ ಖರ್ಚು.

ಇದಕ್ಕೆಲ್ಲ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಹೊರರೋಗಿ ವಿಭಾಗದಲ್ಲಿ ಜನಜಂಗುಳಿ. ರೋಗಿ ಮನೆಯಲ್ಲೇ ಉಳಿದು ಅಮ್ಮನೋ ಅಣ್ಣನೋ ಹಳೆ ಚೀಟಿ ಹಿಡಿದು ಬರುತ್ತಾರೆ. ರೋಗಿಯನ್ನು ನೋಡದೆ ಮದ್ದು ಕಡಿಮೆ ಮಾಡಲು ಯಾವ ವೈದ್ಯರೂ ಹಿಂಜರಿಯುತ್ತಾರೆ. ಹೀಗೆ ಒಮ್ಮೆ ಸೇರಿದ ಮಾತ್ರೆ ಚೀಟಿಯಿಂದ ಇಳಿಯುವುದೇ ಇಲ್ಲ.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸೆ ಹಾಗೂ ಅದರ ಅಡ್ಡಪರಿಣಾಮಗಳನ್ನು ತಿಳಿಯುವ ಹಕ್ಕನ್ನು ರೋಗಿಗೆ ನೀಡಿದೆ. ಆದ್ದರಿಂದ ಕೇಳುವುದು ಉದ್ಧಟತನವಲ್ಲ. ಈ ಮಾತ್ರೆ ಯಾತಕ್ಕೆ? ಎಷ್ಟು ಕಾಲ? ಯಾವುದನ್ನಾದರೂ ಕಡಿಮೆ ಮಾಡಬಹುದೇ? ತೂಕ, ಸಕ್ಕರೆ ನೋಡಿ ಎಷ್ಟು ದಿನವಾಯಿತು?

ವಾಳೆಯ ಗುರಿಕಾರರು, ಧರ್ಮಭಗಿನಿಯರು, ಮನೆಭೇಟಿ ಮಾಡುವ ಕಾರ್ಯಕರ್ತರು ಇಲ್ಲಿ ನೆರವಾಗಬಹುದು. ಎಲ್ಲ ಚೀಟಿಗಳನ್ನು ಒಂದೇ ಫೈಲಿನಲ್ಲಿ ಇಡಿಸಿ, ರೋಗಿಯನ್ನೇ ಆಸ್ಪತ್ರೆಗೆ ಕರೆದೊಯ್ಯಲು ಜೊತೆಯಾದರೆ ವೈದ್ಯರಿಗೂ ಅನುಕೂಲ. ಆದರೆ ಪ್ರಾರ್ಥನಾಕೂಟದಿಂದ ಬಂದ ಉತ್ಸಾಹದಲ್ಲಾಗಲಿ, ನೆರೆಯವರ ಮಾತು ಕೇಳಿಯಾಗಲಿ ಮದ್ದು ನಿಲ್ಲಿಸುವಂತೆ ಯಾರೂ ಹೇಳಬಾರದು. ಹಠಾತ್ತನೆ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ದೊಡ್ಡದು. ಪ್ರಾರ್ಥನೆ ನಡೆಯಲಿ, ಮದ್ದೂ ನಡೆಯಲಿ. ಚೀಟಿ ಪರಿಶೀಲಿಸಿ ಬದಲಿಸುವ ಕೆಲಸ ವೈದ್ಯರದು, ರೋಗಿಯನ್ನು ಅವರ ಮುಂದೆ ಕೂರಿಸುವ ಹೊಣೆ ನಮ್ಮದು.